ಯಾರಿಗೂ ತೋರಿಸಿಲ್ಲ

"ಇದು ಹೊಸದಲ್ಲ."

ಹುಡುಕಮ್ಮ ಒಂದು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು ಅಷ್ಟೇ ಹೇಳಿದರು. ನಾನು ಪೆನ್ಸಿಲ್ ಕೆಳಗಿಟ್ಟೆ. ಮೂರು ವಾರ ಬೆನ್ನು ಬಗ್ಗಿಸಿ ಎಳೆದ ಏಳು ಚಿತ್ರಗಳು ನೀರುಪಾಲು!

ನಮ್ಮದು ಪೇಟೆಂಟ್ ಅರ್ಜಿ ಸಿದ್ಧಮಾಡಿಕೊಡುವ ಪುಟ್ಟ ಕಚೇರಿ. ಅರ್ಜಿಗೆ ಚಿತ್ರ ಬರೆಯುವವನು ನಾನು. ಅರ್ಜಿ ಹಾಕುವ ಮುಂಚೆ, ಅಂಥ ವಸ್ತು ಪ್ರಪಂಚದ ಯಾವ ಮೂಲೆಯಲ್ಲಾದರೂ ಆಗಲೇ ಬೆಳಕಿಗೆ ಬಂದಿದೆಯೇ ಎಂದು ಜಾಲಾಡುವವರು ಅವರು. ಹುಡುಕಮ್ಮ ಎಂಬ ಹೆಸರು ನಾನಿಟ್ಟದ್ದು, ಎದುರಿಗೆ ಮೇಡಂ. ಹನ್ನೆರಡು ವರ್ಷದಿಂದ ಇಬ್ಬರಿಗೂ ಒಂದೇ ಕೋಣೆ, ಒಂದೇ ಕಿಟಕಿ. ಅವರ ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ನಾನು ಕೇಳಿಲ್ಲ. ನನ್ನ ಮನೆಯಲ್ಲಿ ಯಾರೂ ಇಲ್ಲ ಎಂದು ನಾನು ಹೇಳಿಯೂ ಇಲ್ಲ.

ಹಾಳೆ ಒಂದು ಕಣ್ಣಾಸ್ಪತ್ರೆಯ ಸುದ್ದಿಪತ್ರದ್ದು. ಹತ್ತು ತಿಂಗಳ ಹಿಂದಿನದು. 'ನಮ್ಮ ರೋಗಿಯೊಬ್ಬರು ಬಳಸುತ್ತಿರುವ ಸರಳ ಸಾಧನ' ಎಂಬ ತಲೆಬರಹ, ಎಂಟು ಸಾಲು ವಿವರಣೆ, ಒಂದು ಫೋಟೋ. ಫೋಟೋದಲ್ಲಿ ಹುಬ್ಬಿನಿಂದ ಮೂಗಿನ ತುದಿಯವರೆಗೆ ಮಾತ್ರ ಮುಖ. ಗಂಡೋ ಹೆಣ್ಣೋ ತಿಳಿಯದು. ಆ ಮುಖದ ಮೇಲೆ—ತಾತನ ಯಂತ್ರ!

ತಾತ ಎಂದರೆ ಈ ಅರ್ಜಿಯ ಗಿರಾಕಿ, ಕನ್ನಡಕದ ಅಂಗಡಿಯಲ್ಲಿ ನಲವತ್ತು ವರ್ಷ ಫ್ರೇಮ್ ಬಗ್ಗಿಸಿ ನಿವೃತ್ತರಾದವರು. ಬಲಗಣ್ಣಿನ ಆಪರೇಷನ್ ಆದಮೇಲೆ ದಿನಕ್ಕೆ ನಾಲ್ಕು ಸಲ ಔಷಧಿ ಹನಿ ಬಿಟ್ಟುಕೊಳ್ಳಬೇಕಾಯಿತು. ಬಿಡುವವರು ಯಾರೂ ಇಲ್ಲ. ಒಂದು ಹನಿ ಕೆನ್ನೆಗೆ, ಒಂದು ಕಿವಿಗೆ, ಒಂದು ದಿಂಬಿಗೆ. ರೋಸಿಹೋಗಿ, ಗಾಜಿಲ್ಲದ ಫ್ರೇಮಿಗೆ ಓರೆಯಾದ ನೈಲಾನ್ ಬಟ್ಟಲೊಂದನ್ನು ಕೂರಿಸಿದರು. ಔಷಧಿ ಬಾಟಲಿ ಅದರೊಳಗೆ ತಲೆಕೆಳಗಾಗಿ ನಿಲ್ಲುತ್ತದೆ. ಪಕ್ಕದಲ್ಲೊಂದು ಕೆಂಪು ಮಣಿ. ಮಣಿಯನ್ನೇ ನೋಡುತ್ತಾ ಸಣ್ಣ ಸನ್ನೆಕೋಲನ್ನು ಒತ್ತಿದರೆ, ರೆಪ್ಪೆ ಮುಚ್ಚುವ ಮೊದಲೇ ಹನಿ ಕಣ್ಣಿಗೆ ಬೀಳುತ್ತದೆ. ಆ ಮಣಿಯೇ ಹೊಸತು. ಹುಡುಕಮ್ಮ ಎಲ್ಲೆಲ್ಲೋ ಜಾಲಾಡಿದರೂ ಅಂಥದ್ದು ಸಿಕ್ಕಿರಲಿಲ್ಲ. ಈಗ ಫೋಟೋದಲ್ಲೂ ಅದೇ ಮಣಿ, ಅದೇ ಜಾಗದಲ್ಲಿ.

"ಯಾರೋ ಕದ್ದಿದ್ದಾರೆ," ಎಂದೆ.

"ಕದ್ದಿದ್ರೆ ಒಳ್ಳೇದು."

"ಒಳ್ಳೇದಾ?"

"ಒಂದು ಸಲ ಅಚ್ಚಾದ್ರೆ ಹೊಸತನ ಹೋಯ್ತು. ಸ್ವತಃ ಕಂಡುಹಿಡಿದವರೇ ಅಚ್ಚು ಹಾಕಿಸಿದ್ರೂ, ಗುಟ್ಟಾಗಿಡಿ ಅನ್ನದೆ ಯಾರಿಗಾದ್ರೂ ಕೊಟ್ಟಿದ್ರೂ ಅಷ್ಟೇ. ಆದ್ರೆ ಕಾನೂನಲ್ಲಿ ಒಂದು ಕಿಂಡಿ ಇದೆ. ಅವರಿಂದ ಕದ್ದು ಬಯಲು ಮಾಡಿದ್ರು ಅಂತ ತೋರಿಸಿದ್ರೆ, ಅದನ್ನ ಲೆಕ್ಕಕ್ಕೆ ಹಿಡಿಯಲ್ಲ. ಕಳ್ಳ ಸಿಕ್ಕಿದ್ರೆ ಪೇಟೆಂಟ್ ಉಳಿಯುತ್ತೆ. ಸಿಗದಿದ್ರೆ—" ಅವರು ಹಾಳೆಯನ್ನು ಮಗುಚಿ ಹಾಕಿದರು.

ಮಧ್ಯಾಹ್ನ ತಾತ ಬಂದರು. ಜೊತೆಗೆ ತಂಗಿಯ ಮಗ. ತಾತನಿಗೆ ಉಳಿದಿರುವ ನೆಂಟ ಅವನೊಬ್ಬನೇ. ತಾತ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಎಪ್ಪತ್ತೊಂದು ವರ್ಷ ಆಯ್ತಮ್ಮ ನನಗೆ. ನನ್ನ ಹೆಸರಿರೋ ಕಾಗದ ಅಂತ ಮನೆಗೆ ಬರೋದು ಕರೆಂಟ್ ಬಿಲ್ ಒಂದೇ. ಇದೊಂದಾದ್ರೂ..." ಹಾಳೆಯನ್ನು ಮೇಜಿನ ಮೇಲಿಟ್ಟರು.

"ಯಜಮಾನ್ರೇ," ಎಂದರು ಹುಡುಕಮ್ಮ, "ನಮ್ಮ ಫಾರಂನಲ್ಲಿ ಒಂದು ಪ್ರಶ್ನೆ ಇತ್ತು. ಇದನ್ನ ಯಾರಿಗಾದ್ರೂ ತೋರಿಸಿದ್ದೀರಾ ಅಂತ. ಯಾರಿಗೂ ತೋರಿಸಿಲ್ಲ ಅಂತ ಬರೆದಿದ್ದೀರಿ."

"ತೋರಿಸೋಕೆ ನನಗೆ ಯಾರಿದಾರೆ ತಾಯಿ?"

ಹುಡುಕಮ್ಮ ಅಳಿಯನ ಕಡೆ ತಿರುಗಿದರು. "ಅರ್ಜಿಗೆ ಫೋಟೋ ತೆಗೆದದ್ದು ನೀವಲ್ವಾ?"

"ನಾಲ್ಕು ತಿಂಗಳ ಹಿಂದೆ!" ಅವನು ಸಿಡುಕಿದ. "ಪೇಟೆಂಟ್ ಮಾಡಿಸಿ ಮಾವ ಅಂತ ಹೇಳಿದ್ದೇ ನಾನು. ಈ ಸುದ್ದಿಪತ್ರ ಹತ್ತು ತಿಂಗಳ ಹಿಂದಿನದು. ಅದಕ್ಕೆ ಮುಂಚೆ ಮೂರು ವರ್ಷ ಮಾವನ ಮನೆ ಕಡೆ ತಲೇನೇ ಹಾಕಿಲ್ಲ ನಾನು. ಬೇಕಾದ್ರೆ ಅವರನ್ನೇ ಕೇಳಿ!"

ತಪ್ಪಿಸಿಕೊಳ್ಳಲು ಒಳ್ಳೆಯ ಸಾಕ್ಷಿ. ಆದರೆ ಅದನ್ನು ಅವನು ಅಷ್ಟು ಜೋರಾಗಿ ಹೇಳಬೇಕಿರಲಿಲ್ಲ. ತಾತ ನೆಲ ನೋಡಿದರು.

"ನೈಲಾನ್ ಬಟ್ಟಲು ಕಡೆದವರು?"

"ಲೇತ್ ಅಂಗಡಿಯವನು," ಎಂದರು ತಾತ. ಸ್ವಲ್ಪ ತಡವಾಗಿ ಎಂದರು ಅನ್ನಿಸಿತು.

ಲೇತ್ ಅಂಗಡಿ ಎರಡು ಬೀದಿಯಾಚೆ; ಹುಡುಕಮ್ಮನೂ ನಾನೂ ಹೋದೆವು. ಅಂಗಡಿಯವನು ಕೈಗೆ ಮೆತ್ತಿದ್ದ ಗ್ರೀಸ್ ಒರೆಸಿಕೊಳ್ಳುತ್ತಾ ನಕ್ಕ.

"ಕದಿಯೋಕೆ ಅದೇನು ಅಂತ ಗೊತ್ತಾಗಬೇಕಲ್ಲ ಸ್ವಾಮಿ? ಹಕ್ಕಿ ಪಂಜರಕ್ಕೆ ನೀರಿನ ಬಟ್ಟಲು ಅಂದ್ಕೊಂಡಿದ್ದೆ ನಾನು. ಮೂರು ಮಾಡಿಸಿದ್ರು. ಎರಡು ಬಲಕ್ಕೆ ಓರೆ, ಒಂದು ಎಡಕ್ಕೆ."

"ಎಡದ್ದು ಯಾವಾಗ?" ಹುಡುಕಮ್ಮ ಕೇಳಿದರು.

"ಕೊನೇಲಿ. ವರ್ಷದ ಮೇಲಾಯ್ತು. ನಿಂತ ಕಾಲಲ್ಲೇ ಮಾಡಿಸ್ಕೊಂಡು ಹೋದ್ರು. ಅಷ್ಟು ಅವಸರ ಯಾವತ್ತೂ ಇರಲಿಲ್ಲ ಅವರಿಗೆ."

"ಫ್ರೇಮ್, ಮಣಿ, ಅದನ್ನೆಲ್ಲ ನೋಡಿದ್ರಾ?"

"ಇಲ್ಲ. ಬರೀ ಬಟ್ಟಲು."

ಆಸ್ಪತ್ರೆಗೆ ಫೋನ್ ಮಾಡಿದೆವು. ಟಿಪ್ಪಣಿ ಬರೆದ ನರ್ಸ್ ಕೆಲಸ ಬಿಟ್ಟಿದ್ದರು. ರೋಗಿಗಳ ಹೆಸರು ಹೊರಗಿನವರಿಗೆ ಕೊಡುವುದಿಲ್ಲವೆಂದು ಹೇಳಿ ಫೋನ್ ಇಟ್ಟರು. ಕಳ್ಳನೂ ಇಲ್ಲ, ಕಳ್ಳನ ಸುಳಿವೂ ಇಲ್ಲ! ಹುಡುಕಮ್ಮ ಮಾತ್ರ ಭೂತಗನ್ನಡಿ ಹಿಡಿದು ಕಿಟಕಿಯ ಬೆಳಕಿನಲ್ಲಿ ಆ ಫೋಟೋ ನೋಡುತ್ತಲೇ ಕೂತರು.

"ನಿಮ್ಮ ಚಿತ್ರದಲ್ಲಿ ಮೂಗಿನ ಮೇಲೆ ಕೂರೋ ತಂತಿ ಹೇಗೆ ಬರೆದ್ರಿ?" ಎಂದು ಇದ್ದಕ್ಕಿದ್ದಂತೆ ಕೇಳಿದರು.

"ಅರ್ಧ ಬರೆದು, ಕಾಗದ ಮಡಚಿ, ಇನ್ನರ್ಧ ನಕಲು ತೆಗೆದೆ. ಎಲ್ಲರೂ ಮಾಡೋದೇ."

"ಇಲ್ಲಿ?"

"ಸ್ವಲ್ಪ ಸೊಟ್ಟ ಕಾಣುತ್ತೆ. ಕ್ಯಾಮೆರಾ ಓರೆ ಹಿಡಿದಿರ್ತಾರೆ."

ಅವರು ಭೂತಗನ್ನಡಿಯನ್ನು ಬಟ್ಟೆಯಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟರು. ಮುಖ ಯಾಕೋ ಬಾಡಿತ್ತು.

ಮರುದಿನ ಬೆಳಿಗ್ಗೆ ತಾತ, ಅಳಿಯ ಇಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಫೋಟೋ. ಪಕ್ಕದಲ್ಲಿ, ಅರ್ಜಿ ಕೈಬಿಡಲು ಒಪ್ಪಿಗೆ ಕೊಡುವ, ಇನ್ನೂ ಸಹಿಯಾಗದ ಕಾಗದ.

"ಕಳ್ಳ ಸಿಕ್ಕನಾ?" ಅಳಿಯ ಕೂರುವ ಮೊದಲೇ ಕೇಳಿದ.

"ಕಳ್ಳ ಆದವನು ಏನನ್ನ ಕದೀತಾನೆ?" ಎಂದರು ಹುಡುಕಮ್ಮ. "ಬಟ್ಟಲು, ಸನ್ನೆಕೋಲು, ಮಣಿ. ಹೊಸತನ ಇರೋದು ಅಲ್ಲೇ. ಮೂಗಿನ ಮೇಲಿನ ತಂತಿ ಅವನಿಗೆ ಯಾಕೆ ಬೇಕು? ಯಾವ ಫ್ರೇಮ್ ಆದ್ರೂ ನಡೆಯುತ್ತೆ. ಈಗ ಇಲ್ಲಿ ನೋಡಿ. ತಂತಿ ಒಂದು ಕಡೆ ತಗ್ಗಿದೆ. ಕ್ಯಾಮೆರಾ ಓರೆ ಅಂತ ನಮ್ಮ ಚಿತ್ರಗಾರರು ಹೇಳಿದ್ರು. ಓರೆ ಆಗಿದ್ರೆ ಹುಬ್ಬೂ ಓರೆ ಆಗಬೇಕಿತ್ತು. ಹುಬ್ಬು ನೆಟ್ಟಗಿದೆ."

ನನ್ನ ಕಿವಿ ಬಿಸಿಯಾಯಿತು. ಅಷ್ಟು ಸಲ ನೋಡಿಯೂ ಹುಬ್ಬು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಸೊಟ್ಟ ಇರೋದು ಮೂಗಿನ ಮೂಳೆ. ತಂತಿ ಆ ಮೂಗಿಗೆ ತಕ್ಕ ಹಾಗೆ ಬಗ್ಗಿದೆ. ಇದನ್ನ ಮಾಡಿದವರು ಆ ಮುಖದ ಎದುರಿಗೆ ಕೂತು, ಅಳತೆ ತಗೊಂಡು, ಕೈಯಾರೆ ಬಗ್ಗಿಸಿದ್ದಾರೆ. ಕಳ್ಳನಿಗೆ ಅಷ್ಟು ವ್ಯವಧಾನ ಇರಲ್ಲ. ಒಂದು ಮಿಲಿಮೀಟರ್ ಡೊಂಕು, ಅದಕ್ಕೋಸ್ಕರ—"

"ಎರಡು," ಎಂದರು ತಾತ.

ತಾತ ಬಾಯಿಗೆ ಕೈ ಅಡ್ಡ ಹಿಡಿದರು. ತಡವಾಗಿತ್ತು.

"ಎರಡೇ ಇರಬೇಕು," ಎಂದರು ಹುಡುಕಮ್ಮ ಮೆಲ್ಲಗೆ. "ನಾನು ಅಳೆದದ್ದು ಕಾಗದದ ಮೇಲೆ. ನೀವು ಮೂರು ಬಟ್ಟಲು ಮಾಡಿಸಿದ್ರಿ, ನಮಗೆ ತಂದು ತೋರಿಸಿದ್ದು ಎರಡು, ಎರಡೂ ಬಲಗಣ್ಣಿಂದು. ಫೋಟೋದಲ್ಲಿರೋದು ಎಡಗಣ್ಣು. ಗುಟ್ಟು ಬಿಟ್ಟುಕೊಟ್ಟಿದ್ದು ಲೇತಿನವರಲ್ಲ, ನಿಮ್ಮ ಅಳಿಯ ಅಲ್ಲ. ನೀವೇ, ಯಜಮಾನ್ರೇ."

ತಾತ ಫೋಟೋವನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಆಸ್ಪತ್ರೆ ಬೆಂಚಲ್ಲಿ ಪಕ್ಕ ಕೂತಿದ್ರಮ್ಮ. ನನ್ನ ವಯಸ್ಸಿನವರೇ. ಹನಿ ಹಾಕೋರು ಯಾರೂ ಇಲ್ಲ, ಎಲ್ಲಾ ಕೆನ್ನೆಗೇ ಹೋಗುತ್ತೆ ಅಂದ್ರು. ಮುಂದಿನ ವಾರ ಒಂದು ಮಾಡ್ಕೊಂಡು ಹೋದೆ. ಅಲ್ಲೇ ಕೂರಿಸಿ ಮೂಗಿಗೆ ಸರಿಮಾಡ್ದೆ. ಹನಿ ಕಣ್ಣಿಗೆ ಬಿದ್ದ ತಕ್ಷಣ ಚಿಕ್ಕ ಹುಡುಗಿ ಥರ ನಕ್ಕುಬಿಟ್ರು. ಅಷ್ಟರಲ್ಲಿ ಅವರ ಟೋಕನ್ ನಂಬರ್ ಕೂಗಿದ್ರು. ಎದ್ದು ಹೋದ್ರು. ಹೆಸರು ಕೇಳಬೇಕು ಅಂತ ನನಗೆ ಹೊಳೆದದ್ದು ಬಸ್ ಹತ್ತಿದ ಮೇಲೆ."

"ಫಾರಂನಲ್ಲಿ ಯಾಕೆ ಬರೀಲಿಲ್ಲ?"

"ಅದಕ್ಕೂ ಪೇಟೆಂಟಿಗೂ ಸಂಬಂಧ ಇದೆ ಅಂತ ಅನ್ನಿಸಲೇ ಇಲ್ಲಮ್ಮ. ನಿನ್ನೆ ಆ ಮೂಗು ನೋಡಿದ ಕೂಡಲೇ ಗುರುತು ಸಿಕ್ತು. ಬಾಯಿಬಿಟ್ರೆ ಎಲ್ಲಾ ಹೋಗುತ್ತೆ ಅಂತ ಸುಮ್ಮನಾದೆ. ತಪ್ಪು ನಂದೇ."

ಅಳಿಯ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. "ಏನೂ ಹೋಗಿಲ್ಲ ಮಾವ. ಆಯಮ್ಮ ಕದ್ದುಕೊಂಡು ಹೋದ್ರು ಅಂತ ಬರೆದುಕೊಟ್ಟುಬಿಡಿ. ಹೆಸರಿಲ್ಲ, ವಿಳಾಸ ಇಲ್ಲ. ಕೇಳೋರು ಯಾರು?"

"ಹಾಗೆ ಬರೆದ್ರೆ ಹಿಡಿಯೋರು ಯಾರೂ ಇಲ್ಲ," ಎಂದರು ಹುಡುಕಮ್ಮ. "ಬೇರೆ ಕಚೇರಿಯಲ್ಲಿ ಬರೆಸಿ. ನಾನು ಬರೆಯಲ್ಲ, ಅಡ್ಡವೂ ಬರಲ್ಲ."

ನಿಜ ಹೇಳುತ್ತೇನೆ, ಬರೆದುಕೊಡಲಿ ಎಂದೇ ನನ್ನ ಮನಸ್ಸೂ ಬಯಸಿತು. ಎಪ್ಪತ್ತೊಂದು ವರ್ಷದ ಬಾಳಿನಲ್ಲಿ ಒಂದು ಕಾಗದ! ಆ ಹೆಂಗಸಿಗೆ ಗೊತ್ತೂ ಆಗುವುದಿಲ್ಲ. ತಾತ ಮೇಜಿನ ಅಂಚನ್ನು ಬೆರಳಿನಿಂದ ಸವರುತ್ತಾ ಕೂತರು. ಕೆಳಗೆ ಬೀದಿಯಲ್ಲಿ ಯಾರದೋ ಸ್ಕೂಟರ್ ಸ್ಟಾರ್ಟ್ ಆಗದೆ ಒದ್ದಾಡುತ್ತಿತ್ತು.

"ಆ ವರ್ಷಪೂರ್ತಿ ನಾನು ಒಬ್ಬರ ಜೊತೆ ಕೂತು ಅರ್ಧ ಗಂಟೆ ಮಾತಾಡಿದ್ದು ಅಂದ್ರೆ ಅವತ್ತೊಂದೇ ದಿನ ಕಣಪ್ಪ," ಎಂದರು ಅಳಿಯನಿಗೆ. "ಅದನ್ನ ಹೋಗಿ ಕಳ್ಳತನ ಅಂತ ಬರೆಸ್ಲಾ?"

ತಾತ ಒಪ್ಪಿಗೆಯ ಕಾಗದವನ್ನು ಹತ್ತಿರಕ್ಕೆಳೆದುಕೊಂಡು, ನನ್ನ ಪೆನ್ನು ಕೇಳಿ ಪಡೆದು, ಸಹಿ ಹಾಕಿದರು.