ಟೈಪಿಂಗ್ ಆಂಟಿಯ ಕುರ್ಚಿ

"ಅಪ್ಪಾ, ಇದೇ! ನಂಗೆ ಇದೇ ಬೇಕು!"

ಪಟಪಟಿ ಅಂಗಡಿಯಲ್ಲಿದ್ದ ಒಂದು ಕಂಪ್ಯೂಟರಿನ ಗಾಜಿಗೆ ಮೂಗು ಒತ್ತಿ ನಿಂತುಬಿಟ್ಟಿದ್ದಳು. ಗಾಜಿನ ಒಳಗೆ ಮೂರು ಫ್ಯಾನುಗಳು ತಿರುಗುತ್ತಿದ್ದವು. ಒಂದು ಕೆಂಪು, ಒಂದು ನೀಲಿ, ಮೂರನೆಯದಕ್ಕೆ ಗಳಿಗೆಗೊಂದು ಬಣ್ಣ.

ಅಪ್ಪ ಬಗ್ಗಿ ಬೆಲೆಯ ಚೀಟಿ ಓದಿದರು. ಓದಿದವರು ಹಾಗೇ ನೆಟ್ಟಗಾದರು. ಅವರು ಲಿಫ್ಟ್ ರಿಪೇರಿ ಮಾಡುವವರು. ಹತ್ತನೇ ಮಹಡಿಯಿಂದ ಕೆಳಗೆ ನೋಡಿದರೂ ತಲೆ ತಿರುಗದವರು. ಈಗ ಮಾತ್ರ ಅವರ ಮುಖ ಸ್ವಲ್ಪ ಬಿಳಿಚಿಕೊಂಡಿತು.

"ಅಕ್ಕಾ, ನೀವೇನಂತೀರಿ?" ಎಂದು ಹಿಂದಕ್ಕೆ ತಿರುಗಿ ಕೇಳಿದರು.

ಅಕ್ಕ ಎಂದರೆ ಪಕ್ಕದ ಮನೆಯ ಟೈಪಿಂಗ್ ಆಂಟಿ. ಪುಸ್ತಕ ಅಚ್ಚು ಹಾಕುವವರಿಗೆ ಅವರು ಮನೆಯಲ್ಲೇ ಟೈಪ್ ಮಾಡಿಕೊಡುತ್ತಾರೆ. ಕಂಪ್ಯೂಟರ್ ಕೊಳ್ಳುವುದೆಂದರೆ ಅಪ್ಪನಿಗೆ ಕಣ್ಣು ಕಟ್ಟಿ ಕಾಡಿಗೆ ಬಿಟ್ಟಂತಾಗುತ್ತಿತ್ತು. ಅದಕ್ಕೇ ಆಂಟಿಯನ್ನು ಕರೆದುಕೊಂಡು, ಅವರು ತಮ್ಮ ಕಂಪ್ಯೂಟರ್ ಕೊಂಡಿದ್ದ ಅಂಗಡಿಗೇ ಬಂದಿದ್ದರು.

ಪಟಪಟಿಗೆ ಅದು ಒಂಚೂರೂ ಇಷ್ಟವಾಗಿರಲಿಲ್ಲ.

ಎರಡು ವರ್ಷದಿಂದ ಅವಳು ಸ್ಕೂಲಿನ ಪ್ರಾಜೆಕ್ಟ್ ಮಾಡುತ್ತಿದ್ದದ್ದು ಆಂಟಿಯ ಮನೆಯ ಕಂಪ್ಯೂಟರಿನಲ್ಲೇ. ಸಂಜೆ ಐದಾದರೆ ಅವಳು ಅವರ ಬಾಗಿಲು ತಟ್ಟುತ್ತಿದ್ದಳು. ಆಂಟಿ ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದರು. ಆಮೇಲೆ ಮೂಲೆಯ ಸ್ಟೂಲಿನ ಮೇಲೆ ಕೂತು ಬಟಾಣಿ ಸುಲಿಯುವುದೋ, ಬಟ್ಟೆ ಮಡಚುವುದೋ ಮಾಡುತ್ತಿದ್ದರು. ನಡುನಡುವೆ ಗಡಿಯಾರ ನೋಡುತ್ತಿದ್ದರು.

"ಆಂಟಿ ಜಿಪುಣಿ ಕಣಮ್ಮಾ," ಎಂದು ಪಟಪಟಿ ಮನೆಯಲ್ಲಿ ಒಮ್ಮೆ ಹೇಳಿದ್ದಳು. "ಎಲ್ಲಿ ಕರೆಂಟ್ ಖರ್ಚಾಗತ್ತೋ ಅಂತ ಗಡಿಯಾರ ನೋಡ್ತಾನೇ ಇರ್ತಾರೆ."

"ಬಾಯಿಗೆ ಬಂದಿದ್ದೆಲ್ಲ ಮಾತಲ್ಲ," ಎಂದು ಅಮ್ಮ ಗದರಿದ್ದರು. ಆದರೆ ಬಾಯಿಗೆ ಬಂದದ್ದನ್ನೆಲ್ಲ ಆಡುವುದರಿಂದಲೇ ಅವಳಿಗೆ ಪಟಪಟಿ ಎಂದು ಹೆಸರು ಬಂದದ್ದು.

ಈಗ ಆಂಟಿ ಮಿನುಗುವ ಕಂಪ್ಯೂಟರಿನ ಸುತ್ತ ಒಂದು ಸುತ್ತು ಬಂದರು. "ಚೆನ್ನಾಗಿದೆ. ಸರ್ಕಸ್ ನೋಡಿದ ಹಾಗಿದೆ," ಎಂದರು.

ಅಂಗಡಿಯವರು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿದರು. "ಗ್ರಾಫಿಕ್ಸ್ ಕಾರ್ಡ್ ಬೇರೆ ಇದೆ ಮೇಡಂ. ದೊಡ್ಡ ದೊಡ್ಡ ಗೇಮ್ ಎಲ್ಲಾ ನೀರು ಕುಡಿದ ಹಾಗೆ ಓಡತ್ತೆ."

"ನಮ್ಮವರಿಗೆ ಏನು ಓಡಬೇಕು ಅಂತ ಮೊದಲು ನೋಡೋಣ," ಎಂದ ಆಂಟಿ ಪಟಪಟಿಯ ಕಡೆ ತಿರುಗಿದರು. "ನಿಂಗೆ ಏನೇನು ಬೇಕು, ಹೇಳಮ್ಮ."

"ಪ್ರಾಜೆಕ್ಟ್, ಡ್ರಾಯಿಂಗ್, ಗೇಮ್."

"ಅಪ್ಪನಿಗೆ?"

ಅಪ್ಪ ಕತ್ತು ತುರಿಸಿಕೊಂಡರು. "ಲಿಫ್ಟಿನ ವೈರಿಂಗ್ ನಕ್ಷೆ ಈಗೆಲ್ಲ ಫೋನಿಗೇ ಕಳಿಸ್ತಾರೆ. ಆ ಗೆರೆಗಳು ಇರುವೆ ಸಾಲಿನ ಹಾಗೆ ಕಾಣತ್ತೆ. ಸ್ಕ್ರೀನ್ ಸ್ವಲ್ಪ ದೊಡ್ಡದಿದ್ದರೆ ಪುಣ್ಯ."

"ಅಮ್ಮನಿಗೆ?"

"ಚಿಕ್ಕಮ್ಮನ ಹತ್ರ ವಿಡಿಯೋ ಕಾಲ್," ಎಂದಳು ಪಟಪಟಿ. "ಮಾತು ಮುಗಿಯೋದೇ ಇಲ್ಲ."

"ಹಾಗಿದ್ರೆ ಸ್ಕ್ರೀನ್ ದೊಡ್ಡದಿರಲಿ, ಕ್ಯಾಮೆರಾ ಒಂದು ಬೇಕು. ಗ್ರಾಫಿಕ್ಸ್ ಕಾರ್ಡ್ ಬೇಡ, ಬಣ್ಣದ ಫ್ಯಾನೂ ಬೇಡ. ಆ ಕರೀ ಡಬ್ಬ ತೋರಿಸಿ," ಎಂದು ಆಂಟಿ ಮೂಲೆಯತ್ತ ಕೈ ತೋರಿದರು.

ಕರೀ ಡಬ್ಬ ಶೂ ಡಬ್ಬಿಗೆ ಅಣ್ಣನಂತಿತ್ತು. ಒಂದು ದೀಪವಿಲ್ಲ, ಒಂದು ಬಣ್ಣವಿಲ್ಲ. ಪಟಪಟಿ ಆಂಟಿಯ ಕಡೆ ತಿರುಗಿದಳು.

"ನಮ್ಮನೆ ಕಂಪ್ಯೂಟರ್ ಇದು. ನಿಮ್ಮದಲ್ಲ!" ಎಂದುಬಿಟ್ಟಳು.

ಅಪ್ಪನ ಕಿವಿ ಕೆಂಪಾಯಿತು. "ಏಯ್..." ಎಂದು ಅವರು ಶುರು ಮಾಡುವಷ್ಟರಲ್ಲಿ ಆಂಟಿ ಕೈ ಅಡ್ಡ ಹಿಡಿದರು.

"ಸರಿಯಾಗೇ ಹೇಳಿದಾಳೆ. ದಿನಾ ಕೂರೋಳು ಅವಳು ತಾನೇ? ಅವಳೇ ಪರೀಕ್ಷೆ ಮಾಡಲಿ." ಆಂಟಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ಇಲ್ಲಿ ಎಲ್ಲಕ್ಕಿಂತ ಅಗ್ಗದ್ದು ಯಾವುದು? ಅದನ್ನೂ ಕರೀ ಡಬ್ಬಾನೂ ಆನ್ ಮಾಡಿ. ನೀನು ಎಣಿಸಮ್ಮ."

ಪಟಪಟಿ ಮುಖ ಊದಿಸಿಕೊಂಡೇ ಎಣಿಸಿದಳು. ಅಗ್ಗದ ಕಂಪ್ಯೂಟರ್ ಪೂರ್ತಿ ಏಳುವಷ್ಟರಲ್ಲಿ ಅವಳ ಎಣಿಕೆ ಎಂಬತ್ತೆಂಟಕ್ಕೆ ಬಂದಿತ್ತು. ಕರೀ ಡಬ್ಬ ಹದಿನಾಲ್ಕಕ್ಕೇ ಎದ್ದು ಕೂತಿತು.

"ಅರೆ!" ಎಂದಳು, ಕೋಪ ಮರೆತು.

"ಇದಕ್ಕೆ ಹದಿನಾರು ಜಿಬಿ ರ್‍ಯಾಮ್, ಒಳ್ಳೇ ಎಸ್‌ಎಸ್‌ಡಿ ಇದೆ," ಎಂದರು ಅಂಗಡಿಯವರು. "ಐದಾರು ವರ್ಷ ಚಿಂತೆ ಇಲ್ಲ. ಬೆಲೇನೂ ಮಧ್ಯದ್ದು. ದಿನಕ್ಕೆ ಎಷ್ಟು ಹೊತ್ತು ಬಳಸ್ತೀರ?"

ಉತ್ತರ ಕೊಟ್ಟವರು ಆಂಟಿ. "ಇವಳದು ಸಂಜೆ ಐದರಿಂದ ಆರು. ಪ್ರಾಜೆಕ್ಟ್ ಜಾಸ್ತಿ ಇದ್ದರೆ ಏಳಾಗತ್ತೆ."

"ನಿಮಗೆ ಹೇಗೆ ಗೊತ್ತು ಮೇಡಂ?"

"ಈಗ ನಮ್ಮನೆಯಲ್ಲೇ ಅಲ್ವಾ ಮಾಡೋದು."

ಅಂಗಡಿಯವರು ಕನ್ನಡಕವನ್ನು ಮತ್ತೆ ಹಣೆಗೆ ಏರಿಸಿದರು. "ಓಹೋ! ಅದಕ್ಕೇನಾ ನೀವು ರಾತ್ರಿ ಹನ್ನೆರಡು ಗಂಟೆಗೆ ನಂಗೆ ಮೆಸೇಜ್ ಮಾಡಿದ್ದು, ಸ್ಕ್ರೀನ್ ಕಣ್ಣು ಚುಚ್ಚತ್ತೆ ಅಂತ? ಅಷ್ಟು ಹೊತ್ತಲ್ಲಿ ಯಾಕೆ ಟೈಪ್ ಮಾಡ್ತಾರೆ ಇವರು ಅಂದ್ಕೊಂಡಿದ್ದೆ."

"ಏನ್ಮಾಡ್ಲಿ? ಸಂಜೆ ಹೊತ್ತು ನನ್ನ ಕುರ್ಚಿ ಖಾಲಿ ಇರಲ್ಲ," ಎಂದು ಆಂಟಿ ನಕ್ಕರು. "ಉಳಿದ ಪುಟಗಳನ್ನ ಊಟ ಆದ ಮೇಲೆ ಮುಗಿಸ್ತೀನಿ. ಬೆಳಗ್ಗೆ ಎಂಟಕ್ಕೆ ಪ್ರೆಸ್ಸಿಗೆ ಕಳಿಸಿದ್ರೆ ಆಯ್ತು."

ಅಷ್ಟೇ ಹೇಳಿ ಅವರು ಕರೀ ಡಬ್ಬದ ಹಿಂದೆ ಎಷ್ಟು ಯುಎಸ್‌ಬಿ ತೂತುಗಳಿವೆ ಎಂದು ನೋಡಲು ಬಗ್ಗಿದರು.

ಪಟಪಟಿಯ ತಲೆಯೊಳಗೆ ಎರಡು ವರ್ಷದ ಸಂಜೆಗಳು ಒಂದೊಂದಾಗಿ ಬಂದು ನಿಂತವು. ಜ್ವಾಲಾಮುಖಿ ಪ್ರಾಜೆಕ್ಟ್. ಗ್ರಹಗಳ ಪ್ರಾಜೆಕ್ಟ್. ಪ್ರಾಜೆಕ್ಟ್ ಮುಗಿದರೂ ಮುಗಿದಿಲ್ಲ ಎಂದು ಸುಳ್ಳು ಹೇಳಿ ಗೇಮ್ ಆಡಿದ ಸಂಜೆಗಳು. ಆಗೆಲ್ಲ ಆಂಟಿ ಸ್ಟೂಲಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದರು. ಇನ್ನೂ ಎಷ್ಟು ಪುಟ ಬಾಕಿ ಇದೆ ಎಂದು ಲೆಕ್ಕ ಹಾಕುತ್ತಿದ್ದರೋ ಏನೋ. ಆದರೂ ಒಂದು ದಿನವೂ "ಸಾಕು, ಏಳು" ಎಂದಿರಲಿಲ್ಲ.

ಅಂಗಡಿಯವರು ಮೂರು ಕೀಬೋರ್ಡ್ ತಂದು, ಕರೀ ಡಬ್ಬಕ್ಕೆ ಸಿಕ್ಕಿಸಿ ಮೇಜಿನ ಮೇಲೆ ಇಟ್ಟರು. "ಇದರಲ್ಲಿ ಯಾವುದು ಬೇಕೋ ತಗೊಳ್ಳಿ."

ಪಟಪಟಿ ಅತ್ತಿತ್ತ ನೋಡಿದಳು. ಗೋಡೆಯ ಪಕ್ಕದಲ್ಲಿದ್ದ ಕುರ್ಚಿಯನ್ನು ಎರಡೂ ಕೈಯಲ್ಲಿ ಎಳೆದು ತಂದು ಮೇಜಿನ ಮುಂದೆ ಹಾಕಿದಳು.

"ಆಂಟಿ, ನೀವು ಕೂತ್ಕೊಳ್ಳಿ. ನಂಗೆ ಕೀಬೋರ್ಡ್ ಗೊತ್ತಾಗಲ್ಲ. ನೀವೇ ಆರಿಸಿ ಕೊಡಿ." ಆಮೇಲೆ ದನಿ ತಗ್ಗಿಸಿ, "ಪ್ಲೀಸ್" ಎಂದಳು.

ಆಂಟಿ ಅವಳ ಮುಖವನ್ನೇ ಒಂದು ಕ್ಷಣ ನೋಡಿದರು. ಕೂತು, ಕಣ್ಣು ಮುಚ್ಚಿ, ಮೊದಲ ಕೀಬೋರ್ಡಿನ ಮೇಲೆ ಬೆರಳು ಓಡಿಸಿದರು. "ಇದು ಕಲ್ಲು." ಎರಡನೆಯದನ್ನು ಮುಟ್ಟಿ, "ಇದು ರೊಟ್ಟಿ ಹಿಟ್ಟು" ಎಂದರು. ಮೂರನೆಯದರ ಮೇಲೆ ಬೆರಳುಗಳು ನಿಲ್ಲದೆ ಓಡಿದವು. ಸ್ಕ್ರೀನಿನ ಮೇಲೆ ಒಂದೇ ಮಾತು ಸಾಲುಸಾಲಾಗಿ ಮೂಡಿತು: ಪಟಪಟಿ ಪಟಪಟಿ ಪಟಪಟಿ.

ಪಟಪಟಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ನಗುವನ್ನು ಮಾತ್ರ ತೋರಿಸಿದಳು.

"ಕರೀ ಡಬ್ಬ, ಇಪ್ಪತ್ತನಾಲ್ಕು ಇಂಚಿನ ಸ್ಕ್ರೀನು, ಕ್ಯಾಮೆರಾ, ಈ ಕೀಬೋರ್ಡು," ಎಂದು ಅಪ್ಪ ಬೆರಳು ಮಡಚಿದರು. "ಸರೀನಾ ಪಟಪಟಿ?"

ಅವಳು ಮಿನುಗುವ ಫ್ಯಾನುಗಳನ್ನು ಇನ್ನೊಮ್ಮೆ ನೋಡಿದಳು. ಚೆಂದವಾಗೇನೋ ಇದ್ದವು. "ಸರಿ," ಎಂದಳು.

ಮರುದಿನ ಮಧ್ಯಾಹ್ನ ಕಂಪ್ಯೂಟರ್ ಮನೆಗೆ ಬಂತು. ಅಪ್ಪ ತಂತಿಗಳನ್ನು ಜೋಡಿಸಿದರು. ಅಮ್ಮ ಚಿಕ್ಕಮ್ಮನಿಗೆ ಕಾಲ್ ಮಾಡಿ, "ನಿನ್ನ ಮೂಗುತಿ ಕೂಡ ಕಾಣತ್ತೆ ಕಣೇ!" ಎಂದು ಕೂಗಿದರು. ಅಪ್ಪ ವೈರಿಂಗ್ ನಕ್ಷೆ ತೆರೆದು, "ಆಹಾ, ಇರುವೆಗಳಿಗೆ ಕಾಲು ಬಂತು" ಎಂದರು. ತನ್ನ ಸರದಿ ಬಂದಾಗ ಪಟಪಟಿ ಒಂದು ಚಿತ್ರ ಬಿಡಿಸಿದಳು. ಅದನ್ನು ಮೊದಲು ಆಂಟಿಗೇ ತೋರಿಸಬೇಕು ಎನ್ನಿಸಿತು.

ಓಡಿಹೋಗಿ ಪಕ್ಕದ ಮನೆಯ ಬಾಗಿಲಿಗೆ ಕೈ ಎತ್ತಿದಳು. ಪಕ್ಕದಲ್ಲೇ ಕಿಟಕಿ ತೆರೆದಿತ್ತು.

ಆಂಟಿ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಸಂಜೆಯ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ಹಬೆಯಾಡುವ ಚಹಾ. ಬೆರಳುಗಳು ಸರಸರ ಓಡುತ್ತಿದ್ದವು. ಒಂದು ಪುಟ ಮುಗಿಯಿತು. ಅದನ್ನು ಮಗುಚಿ ಇಟ್ಟು, ಒಂದು ಗುಟುಕು ಚಹಾ ಕುಡಿದು, ಇನ್ನೊಂದು ಪುಟ ಎತ್ತಿಕೊಂಡರು. ಈ ಹೊತ್ತಿನಲ್ಲಿ ಅವರು ಆ ಕುರ್ಚಿಯಲ್ಲಿ ಕೂತು ಕೆಲಸ ಮಾಡುವುದನ್ನು ಪಟಪಟಿ ನೋಡಿದ್ದು ಇದೇ ಮೊದಲು.

ಅವಳು ಎತ್ತಿದ ಕೈಯನ್ನು ಇಳಿಸಿದಳು. ಸದ್ದಾಗದಂತೆ ಹೆಜ್ಜೆ ಇಟ್ಟು ಮನೆಗೆ ಬಂದಳು.

"ಏನೇ, ಆಂಟಿ ಬರಲಿಲ್ವಾ?" ಎಂದರು ಅಮ್ಮ ಗಟ್ಟಿಯಾಗಿ.

"ಶ್... ಅವರು ಕೆಲಸ ಮಾಡ್ತಿದಾರೆ," ಎಂದು ಪಟಪಟಿ ಪಿಸುಗುಟ್ಟಿದಳು, ನಡುವೆ ಗೋಡೆಯೇ ಇಲ್ಲವೇನೋ ಎಂಬಂತೆ. "ಮುಗಿಸಲಿ. ಆಮೇಲೆ ಕರೀತೀನಿ."