ಮಲಕ್ಕಾದ ಊಟ, ಮಳವಳ್ಳಿಯ ಉತ್ತರ

"ಅಯ್ಯೋ, ಕಚ್ಬೇಡಿ ಕಣ್ರೀ! ಹಲ್ಲು ಓಯ್ತದೆ!"

ಸಾರಿನ ಕಾಯಿ ಹಿಡಿದಿದ್ದ ಪ್ರಿಯಾಂಕಳ ಕೈ ಬಾಯಿಯ ಹತ್ತಿರವೇ ನಿಂತುಹೋಯಿತು.

ಇಲ್ಲಿ... ಮಲೇಷ್ಯಾದಲ್ಲಿ... ನಮ್ಮೂರ ಮಾತಾ?!

ಮಲಕ್ಕಾ ಪಟ್ಟಣದ ಹಳೆಯ ಮನೆಯೊಂದರಲ್ಲಿ ನಡೆಯುತ್ತಿದ್ದ ಪೆರಾನಕನ್ ಹೋಟೆಲು ಅದು. ಎಂದೋ ಚೀನಾದಿಂದ ವ್ಯಾಪಾರಕ್ಕೆ ಬಂದು, ಮಲಕ್ಕಾದ ಹೆಣ್ಣುಮಕ್ಕಳನ್ನೇ ಮದುವೆಯಾಗಿ ನೆಲೆನಿಂತವರ ಮನೆತನದ ಅಡುಗೆ. ಮಂಡ್ಯದ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಪ್ರಿಯಾಂಕ, ಗೆಳತಿ ಸುನಿತಾಳ ಜೊತೆ ಐದು ದಿನದ ಪ್ರವಾಸಕ್ಕೆ ಬಂದಿದ್ದಳು. ಉದ್ದನೆಯ ಮೇಜಿನಲ್ಲಿ ಗುರುತಿಲ್ಲದವರ ನಡುವೆ ಇಬ್ಬರಿಗೂ ಜಾಗ ಸಿಕ್ಕಿತ್ತು. ಎದುರಿಗೆ ನೀಲಿ ಅಂಗಿಯ ಯುವಕ.

"ನೀವು ಕನ್ನಡದವರಾ?!"

"ಸೋಮನಹಳ್ಳಿ! ಮದ್ದೂರು ತಾಲ್ಲೂಕು. ಆಗಿಂದ ನಿಮ್ಮಿಬ್ಬರ ಮಾತು ಕೇಳ್ತಾ ಕೂತಿದ್ದೆ. ಈಗ ತಡೀನಾರ್ದೆ ಕೂಗ್ಬುಟ್ಟೆ!"

ಪ್ರಿಯಾಂಕಳೂ ತನ್ನ ಊರು ಮಳವಳ್ಳಿ ಎಂದಳು. ಅವನ ಹೆಸರು ಸ್ವರೂಪ್. ಊರಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಚಿಕ್ಕ ಕಾರ್ಖಾನೆ ಇತ್ತು. ಯಂತ್ರ ನೋಡಲು ಕೌಲಾಲಂಪುರಕ್ಕೆ ಬಂದವನು, ಒಂದು ದಿನ ಬಿಡುವು ಮಾಡಿಕೊಂಡು ಇಲ್ಲಿಗೆ ಬಂದಿದ್ದ.

"ಇದು ಗಟ್ಟಿ ಕಾಯಿ. ಒಳಗಿನ ತಿರುಳು ಮಾತ್ರ ತಿನ್ನೋದು. ಇಂಗೆ..."

ಚಿಕ್ಕ ಚಮಚದಲ್ಲಿ ಕಪ್ಪು ತಿರುಳು ತೆಗೆದು, ಹುಣಸೆಹುಳಿಯ ಕೋಳಿ ಸಾರಿನ ಜೊತೆ ಅನ್ನಕ್ಕೆ ಕಲಸುವುದನ್ನು ತೋರಿಸಿದ. ಪ್ರಿಯಾಂಕ ಹಾಗೇ ಮಾಡಿ ಬಾಯಿಗಿಟ್ಟಳು.

"ಕಹಿ... ಅಲ್ಲ, ತಡೀರಿ... ಅಬ್ಬಾ! ಚೆನ್ನಾಗದೆ!"

ಅವನು ಮನಸಾರೆ ನಕ್ಕ. ಅವಳ ಎದೆಯೊಳಗೆ ಏನೋ ಜಿಗಿಯಿತು. ಇದೇನಾಗ್ತಿದೆ ನನಗೆ?!

ಹೋಟೆಲಿನ ಒಡತಿ ಅಜ್ಜಿ ಬಂದು, "ನಿನ್ನ ಹೆಂಡತಿಗೆ ಇನ್ನಷ್ಟು ಅನ್ನ ಬೇಕಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇಬ್ಬರ ಮುಖವೂ ಕೆಂಪು! ಸುನಿತಾ ಮೇಜಿನ ಕೆಳಗೆ ಪ್ರಿಯಾಂಕಳ ಕಾಲು ತುಳಿದಳು.

ಸ್ವರೂಪ್ ಧೈರ್ಯ ಮಾಡಿ ಕೇಳಿದ.

"ಮಳವಳ್ಳಿ ಅಂದ್ರಲ್ಲ... ಯಾವ ಬೀದಿ? ಯಾರ ಪೈಕಿ?"

ಪ್ರಿಯಾಂಕ ಚಮಚ ಕೆಳಗಿಟ್ಟಳು.

ಈ ಪ್ರಶ್ನೆ ಅವಳಿಗೆ ಹೊಸದಲ್ಲ. ಶಾಲೆಯಲ್ಲಿ ಕೇಳಿದ್ದರು. ಮಂಡ್ಯದಲ್ಲಿ ಬಾಡಿಗೆ ಮನೆ ಹುಡುಕುವಾಗ ಕೇಳಿದ್ದರು. ಉತ್ತರ ಕೇಳಿದ ಮೇಲೆ ನಗುತ್ತಿದ್ದ ಮುಖಗಳು ಬದಲಾಗಿದ್ದವು. ಇವನೂ ಅಷ್ಟೇನಾ...

"ಲಿಂಗಯ್ಯ ಮೇಷ್ಟ್ರ ಮಗಳು. ಬುದ್ಧವಿಹಾರದ ಹಿಂದಿನ ಬೀದಿ. ಸಾಕಾ?"

"ಅಯ್ಯೋ, ನಾನು ಅದಕ್ಕೆ ಕೇಳ್ಲಿಲ್ಲ..."

"ನಿಮ್ಮಮ್ಮ ನಮ್ಮನೇಲಿ ಕೂತು ಊಟ ಮಾಡ್ತಾರಾ? ಅದನ್ನ ಹೇಳಿ."

ಸ್ವರೂಪ್ ತಲೆ ತಗ್ಗಿಸಿದ. "ಗೊತ್ತಿಲ್ಲ... ಯಾವತ್ತೂ ಕೇಳಿಲ್ಲ."

ಅವಳು ಎದ್ದು ಹೊರಟೇಬಿಟ್ಟಳು. ಅವನು ಬಾಗಿಲಿಗೆ ಓಡಿ ಬರುವಷ್ಟರಲ್ಲಿ ಟ್ಯಾಕ್ಸಿ ಮುಂದೆ ಹೋಗಿತ್ತು.

ಮಂಡ್ಯಕ್ಕೆ ಮರಳಿದರೂ ಅವನ ನಗು ಅವಳನ್ನು ಬಿಡಲಿಲ್ಲ.

"ಮಾಡ್ತಾರೆ ಅಂತ ಸುಳ್ಳು ಹೇಳಬಹುದಿತ್ತು ಕಣೇ. ಹೇಳ್ಲಿಲ್ವಲ್ಲ!" ಎಂದಳು ಸುನಿತಾ.

ಹೌದಲ್ವಾ... ಆದರೆ ಅವನ ಫೋನ್ ನಂಬರೂ ಇರಲಿಲ್ಲ.

ಆ ಊಟವಾಗಿ ಹನ್ನೊಂದನೆಯ ದಿನ ಭಾನುವಾರ. ಅಪ್ಪ ಅಮ್ಮನನ್ನು ನೋಡಲು ಪ್ರಿಯಾಂಕ ಮಳವಳ್ಳಿಗೆ ಬಂದಿದ್ದಳು. ಮಧ್ಯಾಹ್ನ ಮನೆ ಮುಂದೆ ಕಾರು ನಿಂತಿತು. ಇಳಿದವನು... ಸ್ವರೂಪ್!

ಅವನ ಹಿಂದೆಯೇ ಒಬ್ಬ ಹೆಂಗಸು ಸೆರಗು ಸರಿಮಾಡಿಕೊಳ್ಳುತ್ತಾ ನೇರ ಒಳಗೇ ಬಂದರು. ಅವನ ತಾಯಿ ದೇವಿರಮ್ಮ.

"ಲಿಂಗಯ್ಯ ಮೇಷ್ಟ್ರ ಮನೆ ಇದೇ ಅಲ್ವಾ? ಎರಡು ಸಲ ಬೀದಿ ಸುತ್ತುದ್ವಿ!" ಎಂದು ಪ್ರಿಯಾಂಕಳನ್ನು ನಿಟ್ಟಿಸಿದರು. "ನನ್ ಮಗನ ಬಾಯಿ ಕಟ್ಟಾಕಿದೋಳು ನೀನೇನಾ?"

ಪ್ರಿಯಾಂಕಳ ಎದೆ ಡವಡವ!

"ಏನ್ ಸಾರು ಮಾಡಿದ್ದೀರವ್ವ? ಒಟ್ಟೆ ಅಸೀತದೆ."

ಲಿಂಗಯ್ಯನವರು ಗಾಬರಿಯಲ್ಲೇ ಚಾಪೆ ಹಾಸಿದರು. ದೇವಿರಮ್ಮ ಕೂತರು, ಉಂಡರು, ಇನ್ನೊಂದು ಮುದ್ದೆ ಹಾಕಿಸಿಕೊಂಡರು.

"ಇವನಪ್ಪ ಮೂತಿ ತಿರುಗಿಸ್ಕೊಂಡವ್ರೆ ಮೇಷ್ಟ್ರೇ. ಇರ್ಲಿ ಬುಡಿ, ನಾನಿದ್ದೀನಿ."

ಹಿತ್ತಲ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ ಸ್ವರೂಪನ ಬಳಿಗೆ ಪ್ರಿಯಾಂಕ ಬಂದು ನಿಂತಳು.

"ಅವತ್ತು ನಾನು ಬೀದಿ ಯಾಕೆ ಕೇಳ್ದೆ ಗೊತ್ತಾ? ಹಿರಿಯರನ್ನ ಯಾವ ಮನೆಗೆ ಕಳಿಸ್ಬೇಕು ಅಂತ. ನಮ್ಮಲ್ಲಿ ಅಂಗೇ ಕೇಳಿ ರೂಢಿ... ಅದು ಎಷ್ಟು ನೋಯಿಸ್ತದೆ ಅಂತ ಯೋಚ್ನೆನೇ ಮಾಡಿರ್ಲಿಲ್ಲ. ತಪ್ಪಾಯ್ತು."

"ಅರ್ಧ ಗಂಟೆ ಪರಿಚಯಕ್ಕೆ ಹಿರಿಯರನ್ನ ಕಳಿಸೋದಾ?!"

"ಮುಕ್ಕಾಲು ಗಂಟೆ!"

ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣೂ ತುಂಬಿತು.

"ಮತ್ತೆ ಇಷ್ಟು ದಿನ ಯಾಕೆ ಬೇಕಾಯ್ತು?"

"ಅಮ್ಮನ್ನ ಒಪ್ಪಿಸೋಕೆ ಒಂದು ದಿನ. ನನಗೆ ಧೈರ್ಯ ಬರೋಕೆ ಉಳಿದಿದ್ದೆಲ್ಲ..." ಅವನು ನಲ್ಲಿ ನಿಲ್ಲಿಸಿ ಅವಳ ಕಡೆ ತಿರುಗಿದ. "ಪ್ರಿಯಾಂಕ, ನನ್ನ ಮದುವೆ ಆಗ್ತೀರಾ?"

"ಮೊದ್ಲು ಈ ಬಹುವಚನ ಬುಡಿ."

"ಆಗ್ತೀಯಾ?"

ಅವಳು ತನ್ನ ಸೆರಗಿನ ತುದಿಯನ್ನು ಅವನ ಒದ್ದೆ ಕೈಗಿಟ್ಟಳು.

"ಹೂಂ... ಆಗ್ತೀನಿ ಕಣೋ!"