ಆಣೆ ಹಾಕದ ಡ್ರೈವರ್

"ಅಲ್ಲಿಯೇ ನಿಲ್ಲಿ! ಕೆಂಡ ಹತ್ತಿರ ತರಬೇಡಿ!"

ವಿನೋದಾ ಬೆಚ್ಚಿ ನಿಂತಳು. ಬಚ್ಚಲೊಲೆ ಹೊತ್ತಿಸಲು ತೆಂಗಿನ ಗೆರಟೆಯಲ್ಲಿ ಕೆಂಡ ಹಿಡಿದುಕೊಂಡು ಕಾರಿನ ಶೆಡ್ಡಿನ ಹಿಂದಿನಿಂದ ಬರುತ್ತಿದ್ದಳು. ಕೂಗಿದವನು ಅವಳ ಅಣ್ಣ ಸಂಕಪ್ಪನ ಬಾಡಿಗೆ ಕಾರಿಗೆ ಹೊಸದಾಗಿ ಬಂದ ಡ್ರೈವರ್, ನಿತ್ಯಾನಂದ. ಕುಕ್ಕರಗಾಲಿನಲ್ಲಿ ಕೂತಿದ್ದ. ಅವನ ಮುಂದೆ ತಗಡಿನ ಬೋಗುಣಿ. ಅದರಲ್ಲಿ ಪೆಟ್ರೋಲ್.

"ನಮ್ಮ ಮನೆಯಲ್ಲಿ ನನಗೇ ಗದರಿಸುವುದಾ ನೀವು?"

"ಗದರಿಸದಿದ್ದರೆ ನಿಮ್ಮ ಸೀರೆಗೆ ಬೆಂಕಿ ಹಿಡೀತಿತ್ತು. ಬೈಯುವುದಾದರೆ ಆಮೇಲೆ ಬೈಯಿರಿ. ಮೊದಲು ಕೆಂಡ ಆಚೆ ಇಟ್ಟು ಬನ್ನಿ."

ಅವಳು ಕೆಂಡ ಇಟ್ಟು ಬಂದಳು. ಯಾಕೆ ಮರಳಿ ಬಂದಳೋ, ಅವಳಿಗೇ ತಿಳಿಯಲಿಲ್ಲ...

"ಎಂತ ಇದು?"

"ಪ್ಲಗ್. ಇದರ ತುದಿಯಲ್ಲಿ ಕಿಡಿ ಹಾರಿದರೆ ಪೆಟ್ರೋಲ್ ಉರೀತದೆ, ಕಾರು ಓಡ್ತದೆ. ಇವು ಸವೆದು ಹೋಗಿವೆ. ಅರ್ಧ ಪೆಟ್ರೋಲ್ ಉರಿಯದೇ ಹೊಗೆಯಾಗಿ ಹೋಗ್ತದೆ. ಏರಿನಲ್ಲಿ ಕಾರು ಮುದುಕನ ಹಾಗೆ ಕೆಮ್ಮುತ್ತದೆ. ಹೊಸದು ಹಾಕುವ ಅಂದರೆ ಧಣಿಗಳು ಕೇಳುವುದಿಲ್ಲ. ಅದಕ್ಕೆ ಮಸಿ ತೊಳೆದು ಹಾಕ್ತಾ ಇದ್ದೇನೆ."

ಅವನ ಕೈಯಲ್ಲಿದ್ದ ತಂತಿಯ ಬ್ರಷ್ಷನ್ನು ನೋಡಿ ವಿನೋದಾ ನಕ್ಕುಬಿಟ್ಟಳು. "ಕಾರಿಗೂ ಹಲ್ಲುಜ್ಜಿಸ್ತೀರಾ ನೀವು!"

ಅವನೂ ನಕ್ಕ.

ಅಂದಿನಿಂದ ಬಚ್ಚಲಿಗೆ ಹೋಗುವ ದಾರಿ ಅವಳಿಗೆ ಶೆಡ್ಡಿನ ಹಿಂದಿನಿಂದಲೇ ಆಯಿತು. ಎರಡು ಮಾತು, ಒಂದು ನಗು... ಅಷ್ಟೇ. ಅವನು ಒಮ್ಮೆಯೂ ಅವಳ ಹೆಸರು ಹಿಡಿದು ಕರೆದವನಲ್ಲ.

ಸಂಕಪ್ಪ ಅದನ್ನು ನೋಡಿದ. ಏನೂ ಹೇಳಲಿಲ್ಲ. ಅವನು ಸುಮ್ಮನಿದ್ದಾಗಲೇ ಮನೆಯವರಿಗೆ ಹೆದರಿಕೆ.

ಅದು ಅರುವತ್ತೊಂದನೇ ಇಸವಿ. ವಿಟ್ಲದಲ್ಲಿ ಬಾಡಿಗೆ ಕಾರುಗಳಿದ್ದದ್ದೇ ಬೆರಳೆಣಿಕೆಯಷ್ಟು. ಅವು ನಿಲ್ಲುವ ಜಾಗಕ್ಕೆ ಒಂದು ದಿನ ಸಂಕಪ್ಪ ತಂಗಿಯನ್ನು ಕರೆದುಕೊಂಡು ಹೋದ. ಡ್ರೈವರುಗಳು, ಅಂಗಡಿಯವರು ಎಲ್ಲ ಸೇರಿದ್ದರು. ನಡುವೆ ನಿತ್ಯಾನಂದ ತಲೆ ತಗ್ಗಿಸಿ ನಿಂತಿದ್ದ.

"ನನ್ನ ಕಾರಿನ ಪೆಟ್ರೋಲ್ ಕದಿಯುವವನು ಇವನು. ಸಾಕ್ಷಿ ನನ್ನ ತಂಗಿ! ಹೇಳು ವಿನೋದಾ, ಬೋಗುಣಿಯಲ್ಲಿ ಪೆಟ್ರೋಲ್ ಇಟ್ಟುಕೊಂಡದ್ದು ನೋಡಿದ್ದೀಯಾ, ಇಲ್ಲವಾ?"

"ನೋಡಿದ್ದೇನೆ... ಆದರೆ ಅದು..."

"ಸಾಕು! ಬಾಯಿ ಮುಚ್ಚು."

"ಅದು ಪ್ಲಗ್ ತೊಳೆಯಲಿಕ್ಕೆ ಧಣೀ," ಎಂದ ನಿತ್ಯಾನಂದ.

"ಹೌದಾ? ಹಾಗಾದರೆ ದೈವದ ಕಟ್ಟೆ ಅಲ್ಲೇ ಉಂಟು. ಮುಟ್ಟಿ ಆಣೆ ಹಾಕು. ಕದ್ದಿಲ್ಲ ಅಂತ ಒಂದು ಮಾತು ಹೇಳು. ನಾಳೆಯಿಂದ ಮತ್ತೆ ಕಾರು ನಿನ್ನದೇ!"

ನಿತ್ಯಾನಂದ ಕಟ್ಟೆಯ ತನಕ ಹೋದ. ಕೈ ಎತ್ತಿದ. ಆಮೇಲೆ ತಿರುಗಿ ವಿನೋದಾಳನ್ನು ಒಮ್ಮೆ ನೋಡಿದ.

ಎತ್ತಿದ ಕೈ ಕೆಳಗಿಳಿಯಿತು.

"ಆಣೆ ಹಾಕುವುದಿಲ್ಲ."

ಗದ್ದಲವೆದ್ದಿತು. ಆಣೆಗೆ ಹಿಂಜರಿದವನು ಕಳ್ಳನೇ ಎಂದು ನಂಬುವ ಊರು ಅದು!

"ಕಳ್ಳನಿಗೆ ಡ್ರೈವರನ ಅಂಗಿ ಯಾಕೆ? ಬಿಚ್ಚು!" ಸಂಕಪ್ಪ ಅಬ್ಬರಿಸಿದ.

ಎಲ್ಲರೆದುರು ಅವನ ಖಾಕಿ ಅಂಗಿ ಬಿಚ್ಚಿಸಿದರು. ಒಬ್ಬ ಉಗುಳಿದ. ಹೊರೆ ಹೊರುವ ಹುಕ್ರಪ್ಪ ಮಾತ್ರ ತನ್ನ ಹೆಗಲ ಮೇಲಿನ ಬೈರಾಸನ್ನು ಅವನ ಬರಿಮೈಗೆ ಹೊದಿಸಿ, ಏನೂ ಆಗದವನಂತೆ ತನ್ನ ಹೊರೆಯ ಕಡೆಗೆ ನಡೆದ.

'ಕದ್ದಿಲ್ಲವಾದರೆ ಆಣೆ ಯಾಕೆ ಹಾಕಲಿಲ್ಲ? ಹಾಗಾದರೆ ಪ್ಲಗ್ಗಿನ ಮಾತೂ ಸುಳ್ಳಾ? ಆ ನಗುವೂ...?' ಎಂದುಕೊಂಡಳು ವಿನೋದಾ.

ನಿತ್ಯಾನಂದ ಎದುರಿನಿಂದಲೇ ಹಾದುಹೋಗುವಾಗ ವಿನೋದಾ ಮುಖ ತಿರುಗಿಸಿದಳು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಸಂಕಪ್ಪ ಉಣ್ಣುತ್ತಾ ಕುಶಾಲಿನಲ್ಲಿದ್ದ.

"ಹೊಸ ಪ್ಲಗ್ ಹಾಕಿಸಿದೆ. ಈಗ ಕಾರು ಏರಿನಲ್ಲಿ ಹಾರ್ತದೆ ಮಾರಾಯ್ತಿ! ಪೆಟ್ರೋಲ್ ಕುಡಿಯುವುದೂ ಕಮ್ಮಿಯಾಯಿತು. ಆ ನಿತ್ಯಾನಂದ ಹೇಳಿದ್ದು ಸರಿಯೇ."

ವಿನೋದಾ ಸೌಟು ಕೆಳಗಿಟ್ಟಳು. "ಹಾಗಾದರೆ ಅವರು ಕದ್ದಿರಲಿಲ್ಲವಾ ಅಣ್ಣಾ?"

"ಇಲ್ಲ. ಅದು ನನಗೆ ಆಗಲೇ ಗೊತ್ತಿತ್ತು."

"ಗೊತ್ತಿದ್ದೂ...?"

"ಶೆಡ್ಡಿನ ಹಿಂದೆ ನಗಾಡಲಿಕ್ಕೆ ಹೋಗ್ತಿದ್ದದ್ದು ಯಾರು, ನಾನಾ? ನಾನೇ ಅವನನ್ನು ಕೆಲಸದಿಂದ ಓಡಿಸಿದರೆ ನೀನು ಅವನ ಹಿಂದೆ ಹೋಗ್ತಿದ್ದಿ. ಅದಕ್ಕೇ ನಿನ್ನ ಬಾಯಿಯಿಂದ ಓಡಿಸಿದೆ." ಅವನು ಬಟ್ಟಲು ಮುಂದೆ ತಳ್ಳಿದ. "ಮಜ್ಜಿಗೆ ಬಡಿಸು."

ಅವಳು ಬಡಿಸಿದಳು. ಆಮೇಲೆ ಒಳಗೆ ಹೋಗಿ, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ನನ್ನ ಬಾಯಿಯಿಂದ... ನನ್ನದೇ ಬಾಯಿಯಿಂದ!

ಅತ್ತಿಗೆ ಅಮ್ಮಣಿ ಗಂಡನೆದುರು ಎಂದೂ ದನಿಯೆತ್ತಿದವಳಲ್ಲ. ಮೆಲ್ಲನೆ ಬಂದು ನಾದಿನಿಯ ಕೈಯಲ್ಲಿ ಒಂದು ಲಿಂಬೆಹಣ್ಣು ಇಟ್ಟಳು.

"ನಿತ್ಯಾನಂದ ಮೂಡುಬಿದಿರೆಯಲ್ಲಿ ಉಸ್ಮಾನ್ ಬ್ಯಾರಿಯ ಗ್ಯಾರೇಜಿನಲ್ಲಿ ಇದ್ದಾನಂತೆ. ಬಸ್ಸಿನಲ್ಲಿ ನಿನಗೆ ವಾಂತಿ ಬರ್ತದಲ್ಲ, ಇದನ್ನು ಮೂಸುತ್ತಾ ಕೂತುಕೋ."

ವಿನೋದಾ ನೇರ ಬಸ್ಸು ಹತ್ತಲಿಲ್ಲ. ಮೊದಲು ಕಾರುಗಳು ನಿಲ್ಲುವಲ್ಲಿಗೆ ಹೋದಳು. ಊಟ ಮುಗಿಸಿ ಬಂದ ಸಂಕಪ್ಪನೂ ಅಲ್ಲಿದ್ದ.

"ಅಂದು ನಾನು ನೋಡಿದ್ದು ಪ್ಲಗ್ ತೊಳೆಯುವುದನ್ನು!" ಅವಳ ದನಿ ನಡುಗಿದರೂ ಎಲ್ಲರಿಗೂ ಕೇಳಿಸಿತು. "ನಿತ್ಯಾನಂದ ಕದ್ದಿಲ್ಲ. ಅದು ನನ್ನ ಅಣ್ಣನಿಗೂ ಗೊತ್ತಿತ್ತು. ಇವತ್ತು ಅವನೇ ಹೇಳಿದ!"

ಸಂಕಪ್ಪನ ಏಟು ಕೆನ್ನೆಗೆ ಬಿತ್ತು. ಕಣ್ಣು ಕತ್ತಲೆಗಟ್ಟಿತು.

"ಇನ್ನು ನನ್ನ ಹೊಸ್ತಿಲು ತುಳಿಯಬೇಡ!"

ಸೇರಿದ್ದವರು ಮೆಲ್ಲನೆ ಚದುರಿದರು. ಬಸ್ಸಿನ ಕಂಡಕ್ಟರ್ ಮಾತ್ರ, ಅವಳು ಹತ್ತಿ ಕೂತು ಸೆರಗು ಸರಿಮಾಡಿಕೊಳ್ಳುವ ತನಕ ಸೀಟಿ ಊದದೆ ಕಾದ.

ಬಂಟ್ವಾಳದಲ್ಲಿ ಬಸ್ಸು ಬದಲಿಸಿ ಮೂಡುಬಿದಿರೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಉಸ್ಮಾನ್ ಅವಳ ಊದಿದ ಕೆನ್ನೆ ನೋಡಿದ. ಬೆಂಚಿನ ಎಣ್ಣೆ ಒರೆಸಿ, "ಕೂತುಕೊಳ್ಳಿ ಅಕ್ಕ," ಎಂದು ಹೊರಗೆ ಹೋದ.

ಲಾರಿಯ ಅಡಿಯಿಂದ ನಿತ್ಯಾನಂದ ಹೊರಬಂದ. ಬಡಕಲಾಗಿದ್ದ.

"ನೀವಾ? ಇನ್ನು ಎಂತ ಬಾಕಿ ಉಂಟು?"

"ಅಣ್ಣ ಹೊಸ ಪ್ಲಗ್ ಹಾಕಿಸಿದ..."

"ಒಳ್ಳೆಯದು. ಕಾರಿಗಾದರೂ ನ್ಯಾಯ ಸಿಕ್ಕಿತು." ಅವನ ನಗುವಿನಲ್ಲಿ ವಿಷವಿತ್ತು. "ಇಲ್ಲಿ ಯಾರೂ ನನ್ನ ಕೈಗೆ ಕೀಲಿ ಕೊಡುವುದಿಲ್ಲ. ಕಳ್ಳ ಡ್ರೈವರ್ ಅಲ್ಲವಾ? ನೀವು ಕೊಟ್ಟ ಹೆಸರು."

ಆ ಮಾತು ಅಣ್ಣನ ಏಟಿಗಿಂತ ಜೋರಾಗಿ ತಾಗಿತು.

"ಹಾಗಾದರೆ ಆಣೆ ಯಾಕೆ ಹಾಕಲಿಲ್ಲ? ಒಂದು ಮಾತು ಹೇಳಿದ್ದರೆ ನೀವು ಉಳೀತಿದ್ದಿರಿ!"

"ನಾನು ಉಳೀತಿದ್ದೆ." ಅವನು ಬೇರೆ ಕಡೆ ನೋಡಿದ. "ಕದಿಯದವನು ದೈವದ ಮುಂದೆ ಆಣೆ ಹಾಕಿದರೆ ದೋಷ ಯಾರಿಗೆ ತಟ್ಟುತ್ತದೆ? ಕಳ್ಳ ಅಂತ ಸಾಕ್ಷಿ ಹೇಳಿದವರಿಗೆ. ಅಲ್ಲಿ ಸಾಕ್ಷಿ ಹೇಳಿದ್ದು ಧಣಿಗಳಲ್ಲ... ನೀವು."

ವಿನೋದಾ ತಲೆ ತಗ್ಗಿಸಿದಳು. ಉಗುಳಿಸಿಕೊಂಡೂ ಅವನು ಕಾಪಾಡಿದ್ದು ತನ್ನನ್ನು! ತಾನೋ, ಮುಖ ತಿರುಗಿಸಿದ್ದೆ...

"ಕೆನ್ನೆಗೆ ಎಂತ ಆಯಿತು?" ಅವನ ದನಿ ಬದಲಾಗಿತ್ತು.

"ಅಣ್ಣನ ಉತ್ತರ. ನಿಮ್ಮ ಅಂಗಿ ಬಿಚ್ಚಿಸಿದ ಜಾಗದಲ್ಲೇ ನಿಂತು ನಿಜ ಹೇಳಿ ಬಂದೆ. ಎಲ್ಲರೂ ಕೇಳಿದರು."

ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಈಗ ಎಲ್ಲಿಗೆ ಹೋಗ್ತೀರಿ?"

"ಮನೆ ಇಲ್ಲ. ನೀವು ಬೇಡ ಅಂದರೆ ಗೊತ್ತಿಲ್ಲ."

"ನನ್ನ ಹತ್ತಿರ ಎಂತದೂ ಇಲ್ಲ, ವಿನೋದಾ."

ಅವಳು ತಲೆಯೆತ್ತಿದಳು. "ಇನ್ನೊಮ್ಮೆ ಕರೆಯಿರಿ."

"ವಿನೋದಾ... ಅಳಬೇಡ. ಕಣ್ಣು ಒರೆಸಿಕೋ. ನಾನು ಒರೆಸಿದರೆ ಮುಖವೆಲ್ಲ ಗ್ರೀಸ್ ಆಗ್ತದೆ."

"ಆಗಲಿ," ಎಂದು ಅವಳು ಊದಿದ ಕೆನ್ನೆಯನ್ನು ಅವನ ಮುಂದೆ ಒಡ್ಡಿದಳು.